ಕಿರ್ದಿಯ ವ್ಯಾಕರಣ ಮತ್ತು ಕೋಬಾಲ್: ಒಂದು ವ್ಯವಹಾರಭಾಷೆಯ ಬಾಳಿಕೆಯನ್ನು ಕುರಿತು

ಬಾಗಲಕೋಟೆ ಜಿಲ್ಲೆ ಮುಧೋಳ ತಾಲ್ಲೂಕಿನ ಬೆಳಗಲಿ ತನ್ನ ಹೆಸರಿನೊಡನೆ ರನ್ನನ ಹೆಸರನ್ನೂ ಹೊತ್ತಿರುವ ಊರು. ಸೌಮ್ಯ ಸಂವತ್ಸರದಲ್ಲಿ, ಅಂದರೆ ಕ್ರಿ.ಶ. 949ರಲ್ಲಿ, ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು 993ರಲ್ಲಿ ‘ಅಜಿತಪುರಾಣ’ವನ್ನು ಪೂರೈಸಿದನು. ‘ಸಾಹಸಭೀಮವಿಜಯ’ ಅವನದೇ. ‘ರನ್ನಕಂದ’ವೆಂಬ ನಿಘಂಟಿನ ಕೆಲವೇ ಪದ್ಯಗಳೂ ಅವನ ಹೆಸರಿನಲ್ಲಿ ಉಳಿದು ಬಂದಿವೆ. ಬಳೆ ಮಾರುವ ಮನೆಯಲ್ಲಿ ಕೊಟ್ಟದ್ದೆಷ್ಟು, ಬರಬೇಕಾದದ್ದೆಷ್ಟು ಎಂಬ ಲೆಕ್ಕವೂ ಇದ್ದಿರಬೇಕು. ಕಾವ್ಯ ಉಳಿಯಿತು, ಲೆಕ್ಕ ಉಳಿಯಲಿಲ್ಲ. ಭಾಷೆಯ ಚರಿತ್ರೆಯನ್ನು ನಾವು ಬರೆಯುವುದು ಉಳಿದದ್ದನ್ನು ಆಧರಿಸಿ. ಹಾಗಾಗಿ ಲೆಕ್ಕದ ಕನ್ನಡಕ್ಕೆ ನಮ್ಮ ಚರಿತ್ರೆಗಳಲ್ಲಿ ದೊರೆತಿರುವ ಜಾಗ ಕಿರಿದು.

ಪ್ರಸ್ತುತ ಲೇಖನದ ವಸ್ತು ಇದಕ್ಕೆ ವಿರುದ್ಧವಾದ ಸನ್ನಿವೇಶ. ಕಾವ್ಯವೇ ಇಲ್ಲದ, ಕೇವಲ ಲೆಕ್ಕಕ್ಕಾಗಿ ಹುಟ್ಟಿದ, ಹುಟ್ಟಿದ ಕೆಲವೇ ವರ್ಷಗಳಲ್ಲಿ ಸಾಯುವುದೆಂದು ಪಂಡಿತರು ಭವಿಷ್ಯ ನುಡಿದ ಒಂದು ಭಾಷೆ ಆರು ದಶಕಗಳನ್ನು ದಾಟಿ ಬಳಕೆಯಲ್ಲಿದೆ. ಅದು ಕೋಬಾಲ್. 1959ರಲ್ಲಿ ರೂಪುಗೊಂಡ ಈ ಕ್ರಮವಿಧಿ ಭಾಷೆ ಇಂದಿಗೂ ಬ್ಯಾಂಕು, ವಿಮೆ, ಪಿಂಚಣಿ, ತೆರಿಗೆಗಳ ದೊಡ್ಡ ಗಣಕಗಳಲ್ಲಿ ಓಡುತ್ತಿದೆ. ಬೆಂಗಳೂರಿನಲ್ಲಿ ಆ ಗಣಕಗಳ ಆರೈಕೆಯನ್ನೇ ಜೀವನೋಪಾಯ ಮಾಡಿಕೊಂಡವರು ಈಗಲೂ ಇದ್ದಾರೆ. ಮುಧೋಳ ಸೀಮೆಯ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಅವರಲ್ಲಿ ಒಬ್ಬ. ತಾನು ಹುಟ್ಟುವ ಮುಂಚೆ ಬರೆದ ಕ್ರಮವಿಧಿಯೊಂದನ್ನು ತಿದ್ದುವ ಕೆಲಸದಲ್ಲಿದ್ದಾಗ ಅವನು ಹೇಳಿದ ಮಾತು ಈ ಬರಹಕ್ಕೆ ಪ್ರೇರಣೆ: “ಸರ, ಇದನ್ನ ಬರದಾವ್ರು ಯಾರೋ ಗೊತ್ತಿಲ್ರಿ. ಆದ್ರ ಏನ್ ಬರದಾರ ಅನ್ನೂದು ಗೊತ್ತಾಗತೈತ್ರಿ.”

ಈ ‘ಗೊತ್ತಾಗುವಿಕೆ’ ಎಲ್ಲಿಂದ ಬರುತ್ತದೆ? ಕೋಬಾಲಿನ ವಾಕ್ಯಗಳು ಇಂಗ್ಲಿಷಿನಂತೆ ಇರುವುದರಿಂದ ಎಂಬುದು ವಾಡಿಕೆಯ ಉತ್ತರ. ಈ ಉತ್ತರ ಅರ್ಧ ಮಾತ್ರ ಸರಿಯೆಂದು ನಮಗೆ ಅನಿಸುತ್ತದೆ. ಕೋಬಾಲಿನ ಬಾಳಿಕೆಯ ಮೂಲ ಅದರ ಕ್ರಿಯಾಪದಗಳಿಗಿಂತ ಹೆಚ್ಚಾಗಿ ಅದರ ನಾಮಪದಗಳ ವ್ಯವಸ್ಥೆಯಲ್ಲಿದೆ. ಆ ವ್ಯವಸ್ಥೆ ಇಂಗ್ಲಿಷಿಗೆ ಮಾತ್ರ ಸೇರಿದ್ದಲ್ಲ. ಬೆಳಗಲಿಯ ಕಿರ್ದಿ ಪುಸ್ತಕವೂ ಅದನ್ನು ಬಲ್ಲದು.

ಮೊದಲು ಚರಿತ್ರೆ. 1950ರ ದಶಕದಲ್ಲಿ ಪ್ರತಿ ಗಣಕ ತಯಾರಕರದೂ ಒಂದೊಂದು ಭಾಷೆ. ಯಂತ್ರ ಬದಲಾದರೆ ಬರೆದದ್ದೆಲ್ಲ ವ್ಯರ್ಥ. ಬರೋಸ್ ಸಂಸ್ಥೆಯ ಮೇರಿ ಹಾವ್ಸ್ ಎತ್ತಿದ ಪ್ರಸ್ತಾವದ ಮೇರೆಗೆ 1959ರ ಏಪ್ರಿಲ್ 8ರಂದು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಒಂದು ಸಣ್ಣ ಸಭೆ ಸೇರಿತು. ಮೇ 28 ಮತ್ತು 29ರಂದು ಅಮೆರಿಕದ ರಕ್ಷಣಾ ಇಲಾಖೆಯ ಆಶ್ರಯದಲ್ಲಿ ಪೆಂಟಗನ್ನಿನಲ್ಲಿ ದೊಡ್ಡ ಸಭೆ ನಡೆಯಿತು. ಅದರಿಂದ ಹುಟ್ಟಿದ ಅಲ್ಪಾವಧಿ ಸಮಿತಿಗೆ ಒಪ್ಪಿಸಿದ್ದು ತಾತ್ಕಾಲಿಕ ಏರ್ಪಾಡೊಂದನ್ನು ಮಾಡುವ ಕೆಲಸ. ಶಾಶ್ವತ ಭಾಷೆಯನ್ನು ಬೇರೆ ಸಮಿತಿಗಳು ಆಮೇಲೆ ರೂಪಿಸಬೇಕಿತ್ತು. ಅದು ಬರಲೇ ಇಲ್ಲ. ಜೀನ್ ಸ್ಯಾಮೆಟ್ ಸೇರಿದಂತೆ ಆರು ಮಂದಿ ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಕುಳಿತು ಮುಖ್ಯ ರೂಪುರೇಷೆಯನ್ನು ಬರೆದರು. 1960ರ ಏಪ್ರಿಲಿನಲ್ಲಿ ವರದಿ ಅಚ್ಚಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಆರ್‌ಸಿಎ ಮತ್ತು ಯೂನಿವ್ಯಾಕ್ ಎಂಬ ಎರಡು ಬೇರೆ ಬೇರೆ ತಯಾರಿಕೆಯ ಯಂತ್ರಗಳ ಮೇಲೆ ಒಂದೇ ಕ್ರಮವಿಧಿಯನ್ನು ಅತ್ಯಲ್ಪ ಬದಲಾವಣೆಯೊಡನೆ ಓಡಿಸಿ ತೋರಿಸಲಾಯಿತು.

ಆ ಸಮಿತಿಯ ಮುಂದೆ ಮೂರು ಪೂರ್ವಭಾಷೆಗಳ ಮಾದರಿಯಿತ್ತು. ಗ್ರೇಸ್ ಹಾಪರ್ ಅವರ ಫ್ಲೋ-ಮ್ಯಾಟಿಕ್ ಅವುಗಳಲ್ಲಿ ಬಳಕೆಗೆ ಬಂದಿದ್ದದ್ದು. ಐಬಿಎಮ್ಮಿನ ಕಮರ್ಷಿಯಲ್ ಟ್ರಾನ್ಸ್‌ಲೇಟರ್ ಇನ್ನೂ ಕಾಗದದ ಮೇಲಿತ್ತು. ಮೊದಲನೆಯದರಿಂದ ಇಂಗ್ಲಿಷ್ ಕ್ರಿಯಾಪದಗಳೂ ದತ್ತಾಂಶವನ್ನು ಬೇರೆಯಾಗಿ ವಿವರಿಸುವ ಕ್ರಮವೂ ಬಂದವು. ಎರಡನೆಯದರಿಂದ ‘ಪಿಕ್ಚರ್’ ಎಂಬ ಅಂಕಿಚಿತ್ರಣದ ವಿಧಾನ ಬಂದಿತು. ಸಮಿತಿಯಲ್ಲಿ ಬಿಸಿಯಾಗಿ ನಡೆದ ಒಂದು ಜಗಳ ಭಾಷಾವಿಜ್ಞಾನಿಗಳ ಕಿವಿ ನಿಮಿರಿಸುವಂಥದು. ಕೂಡುವುದು, ಕಳೆಯುವುದನ್ನು ‘ಆಡ್’, ‘ಸಬ್‌ಟ್ರ್ಯಾಕ್ಟ್’ ಎಂಬ ಪದಗಳಲ್ಲಿ ಬರೆಯಬೇಕೆ, ಬೀಜಗಣಿತದ ಚಿಹ್ನೆಗಳಲ್ಲಿ ಬರೆಯಬೇಕೆ? ವ್ಯಾಪಾರದ ಜನಕ್ಕೆ ಸೂತ್ರಗಳೆಂದರೆ ಭಯವೆಂದು ಒಂದು ಪಕ್ಷ. ಆ ಜನರನ್ನು ದಡ್ಡರೆಂದು ಎಣಿಸಬಾರದೆಂದು ಇನ್ನೊಂದು. ಕೊನೆಗೆ ಎರಡನ್ನೂ ಇಟ್ಟುಕೊಂಡರು. ಚಿಹ್ನೆ ಬೇಕಾದವರಿಗೆ ‘ಕಂಪ್ಯೂಟ್’ ಎಂಬ ಕ್ರಿಯಾಪದ ದೊರೆಯಿತು.

ಕೋಬಾಲು ತನ್ನ ಅಂಗಗಳಿಗೆ ಇಟ್ಟುಕೊಂಡ ಹೆಸರುಗಳನ್ನು ಗಮನಿಸಬೇಕು: ಕ್ರಿಯಾಪದ, ಉಪವಾಕ್ಯ, ವಾಕ್ಯ, ಪರಿಚ್ಛೇದ, ವಿಭಾಗ. ಗಣಿತದ ಕಡೆಯಿಂದ ಬಂದ ಭಾಷೆಗಳು ಸೂತ್ರ, ಫಲನ ಎನ್ನುವ ಕಡೆ ಇದು ಶಾಲೆಯ ವ್ಯಾಕರಣದಿಂದ ಪರಿಭಾಷೆಯನ್ನು ಎತ್ತಿಕೊಂಡಿತು. ವಾಕ್ಯದ ಕೊನೆಗೆ ಪೂರ್ಣವಿರಾಮ. ಅರ್ಥಕ್ಕೆ ಬೇಡವಾದರೂ ಓದಿಗೆ ಹಿತವಾಗಲೆಂದು ‘ಈಸ್’, ‘ದ್ಯಾನ್’ ಮೊದಲಾದ ಐಚ್ಛಿಕ ಪದಗಳಿಗೆ ಅನುಮತಿ. ಒಂದು ಷರತ್ತಿನ ಕರ್ತೃವನ್ನು ಮುಂದಿನ ಷರತ್ತಿನಲ್ಲಿ ಮತ್ತೆ ಹೇಳಬೇಕಿಲ್ಲ: ಬಾಕಿಯು ಮಿತಿಗಿಂತ ಹೆಚ್ಚಿದ್ದರೆ ಅಥವಾ ಸೊನ್ನೆಯಾಗಿದ್ದರೆ ಎಂದು ಬರೆದರೆ ಸಾಕು, ಎರಡನೆಯ ‘ಬಾಕಿ’ ಅಧ್ಯಾಹಾರದಿಂದ ಬರುತ್ತದೆ. ಕ್ರಮವಿಧಿ ಭಾಷೆಯೊಂದರಲ್ಲಿ ಅಧ್ಯಾಹಾರಕ್ಕೆ ಇಷ್ಟು ಅಧಿಕೃತವಾದ ಎಡೆ ದೊರೆತಿರುವುದು ವಿರಳ.

ಆದರೂ ಇದು ಇಂಗ್ಲಿಷೇ? ‘ಮೂವ್’ ಎಂಬ ಕ್ರಿಯಾಪದವನ್ನೇ ನೋಡಬಹುದು. ಒಂದು ಮೌಲ್ಯವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ‘ಮೂವ್’ ಮಾಡಿದಾಗ ಮೂಲದಲ್ಲಿ ಅದು ಹಾಗೆಯೇ ಉಳಿದಿರುತ್ತದೆ. ನಡೆಯುವುದು ನಕಲು, ಸ್ಥಳಾಂತರವಲ್ಲ. ಇಂಗ್ಲಿಷ್ ಮನೆಮಾತಿನವನು ಇಲ್ಲಿ ಎಡವಬಹುದು. ಇಂಗ್ಲಿಷನ್ನು ಪುಸ್ತಕದಿಂದ ಕಲಿತ ಕನ್ನಡದ ಹುಡುಗನಿಗೆ ಅದು ಮೊದಲಿಂದಲೂ ಒಂದು ಪಾರಿಭಾಷಿಕ ಪದ ಮಾತ್ರ. ಬಾಕಿ, ಜಮಾ, ವಸೂಲಿ ಎನ್ನುವಾಗ ನಮ್ಮ ವ್ಯಾಪಾರಿ ಅರಬ್ಬಿಯನ್ನು ನೆನೆಯುವುದಿಲ್ಲ. ಅವನಿಗೆ ಅವು ಲೆಕ್ಕದ ಪದಗಳು, ಅಷ್ಟೇ. ಘೋರ್ಪಡೆಯವರ ಮುಧೋಳ, ಪಟವರ್ಧನರ ಜಮಖಂಡಿ ಸಂಸ್ಥಾನಗಳ ಸೀಮೆಯಲ್ಲಿ ದಫ್ತರದ ಮರಾಠಿಯೂ ಮೋಡಿ ಲಿಪಿಯೂ ಲೆಕ್ಕದ ಕನ್ನಡದ ಮೇಲೆ ತಮ್ಮ ಪದರವನ್ನು ಬಿಟ್ಟುಹೋಗಿವೆ. ಕಿರ್ದಿ, ಖತಾವಣಿ, ಶಿಲ್ಕು ಎಲ್ಲವೂ ಆ ದಾರಿಯಲ್ಲಿ ಬಂದವು. ವ್ಯವಹಾರಭಾಷೆ ಎಂದಿಗೂ ಆಳುವವರ ಕಚೇರಿಯಿಂದ ಪದ ತರುತ್ತದೆ. ಕೋಬಾಲಿನ ಇಂಗ್ಲಿಷು ನಮ್ಮವರಿಗೆ ಆ ಸಾಲಿನ ಇನ್ನೊಂದು ಪದರವಾಯಿತು.

ಹಾಪರ್ ಅವರು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಕ್ರಮವಿಧಿ ಬರೆಯಬಹುದೆಂದು ತೋರಿಸಿದಾಗ ಅಮೆರಿಕದ ಯಂತ್ರಕ್ಕೆ ಪರಭಾಷೆ ಹೇಗೆ ತಿಳಿದೀತೆಂದು ಅವರ ಮೇಲಧಿಕಾರಿಗಳು ಗಾಬರಿಯಾದ ಸಂಗತಿಯನ್ನು ಅವರೇ ಹಲವು ಬಾರಿ ಹೇಳಿಕೊಂಡಿದ್ದಾರೆ. ಯಂತ್ರಕ್ಕೆ ಎಲ್ಲ ಪದವೂ ಬರಿಯ ಸಂಕೇತವೆಂಬ ಅವರ ತರ್ಕ ನಿಜ. ಆದರೆ ಅವರ ಪ್ರಯೋಗ ಪದಕ್ಕೆ ಪದವನ್ನು ಇಡುವುದಾಗಿತ್ತು, ಪದಕ್ರಮವೂ ಪದರಚನೆಯೂ ಒಂದಕ್ಕೊಂದು ಹತ್ತಿರವಿದ್ದ ಭಾಷೆಗಳ ನಡುವೆ ನಡೆದಿತ್ತು. ಕನ್ನಡದಲ್ಲಿ ಆ ಪ್ರಯೋಗ ಎಲ್ಲಿ ನಿಲ್ಲುತ್ತದೆ?

‘ಆಡ್ ಇಂಟರೆಸ್ಟ್ ಟು ಪ್ರಿನ್ಸಿಪಲ್ ಗಿವಿಂಗ್ ಟೋಟಲ್’ ಎಂಬ ಕೋಬಾಲ್ ವಾಕ್ಯವನ್ನು ಕನ್ನಡದ ಜಾಯಮಾನಕ್ಕೆ ತಂದರೆ ‘ಅಸಲಿಗೆ ಬಡ್ಡಿಯನ್ನು ಕೂಡಿಸಿ ಮೊತ್ತದಲ್ಲಿ ಇಡು’ ಎಂದಾಗುತ್ತದೆ. ಕ್ರಿಯಾಪದ ಕೊನೆಗೆ ಬಂದದ್ದು ದೊಡ್ಡ ತೊಡಕಲ್ಲ. ಯಂತ್ರಕ್ಕೆ ಮೊದಲೂ ಒಂದೇ, ಕೊನೆಯೂ ಒಂದೇ. ತೊಡಕು ಇರುವುದು ಹೆಸರುಗಳಲ್ಲಿ. ‘ಅಸಲು’ ಎಂಬುದರ ಕೊನೆಯ ಉಕಾರ ಇಕಾರವಾಯಿತು. ‘ಬಡ್ಡಿ’ಗೆ ಯಕಾರ ಆಗಮವಾಯಿತು. ‘ಮೊತ್ತ’ಕ್ಕೆ ದಕಾರ ಬಂದಿತು. ಮೂರು ಹೆಸರು, ಮೂರು ಬಗೆಯ ರೂಪಾಂತರ. ಪ್ರತಿ ಹೆಸರನ್ನೂ ಅದರ ಪ್ರಕೃತಿರೂಪಕ್ಕೆ ಹಿಂತಿರುಗಿಸಿ ಓದುವ ವ್ಯಾಕರಣಯಂತ್ರವೊಂದು ಜೊತೆಗಿಲ್ಲದೆ ಕ್ರಮವಿಧಿ ಓಡದು. ಇಂಗ್ಲಿಷಿನಲ್ಲಿ ‘ಟು’, ‘ಫ್ರಮ್’ ಬಿಡಿಯಾಗಿ ನಿಲ್ಲುವುದರಿಂದ ಹೆಸರು ಎಲ್ಲ ಕಡೆಯೂ ಒಂದೇ ಆಕಾರದಲ್ಲಿರುತ್ತದೆ. ಕೋಬಾಲಿನ ‘ಇಂಗ್ಲಿಷಿನಂತಹ’ ಗುಣ ಇಂಗ್ಲಿಷಿನ ವಿಭಕ್ತಿ ದಾರಿದ್ರ್ಯವನ್ನು ಆಧರಿಸಿತ್ತು. ಕೀಪದಗಳನ್ನಷ್ಟೇ ಕನ್ನಡಕ್ಕೆ ಬದಲಿಸಿದರೆ ಕನ್ನಡದ ಕ್ರಮವಿಧಿ ಭಾಷೆ ಸಿದ್ಧವಾಯಿತೆಂದು ಹೇಳುವವರು ಈ ಮೂರು ಪದಗಳ ವಾಕ್ಯವನ್ನು ಒಮ್ಮೆ ಎದುರಿಸಲಿ.

ಇಲ್ಲಿ ಕಿರ್ದಿ ನೆರವಿಗೆ ಬರುತ್ತದೆ. ನಮ್ಮ ಮನೆತನದ ಹಿರಿಯರು ಬೆಳಗಲಿಯಲ್ಲಿ ಬೆಲ್ಲದ ವ್ಯಾಪಾರಕ್ಕೆಂದು ಬರೆದಿಟ್ಟ, 1950ರ ದಶಕದ ಒಂದು ಕಿರ್ದಿ ನಮ್ಮ ಬಳಿ ಇದೆ. ಮೊದಲ ಹಾಳೆಗಳಲ್ಲಿ ರೂಪಾಯಿ, ಆಣೆ, ಪೈ ಎಂದು ಮೂರು ಮನೆಗಳು. 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯಪದ್ಧತಿ ಬಂದ ಮೇಲೆ ಅದೇ ಪುಸ್ತಕದಲ್ಲಿ ಕೈಯಿಂದ ಗೆರೆ ತಿದ್ದಿ ಎರಡು ಮನೆಗಳು. ಹುಡುಕಿದರೆ ಆ ಪುಸ್ತಕದಲ್ಲಿ ಪೂರ್ಣ ವಾಕ್ಯ ಒಂದೋ ಎರಡೋ ಸಿಕ್ಕಾವು. ಹೆಸರು, ಊರು, ಸರಕು, ತೂಕ, ದರ, ಜಮಾ, ಬಾಕಿ. ಎಲ್ಲವೂ ಪ್ರಕೃತಿರೂಪದ ನಾಮಪದ, ಮುಂದೆ ಅಂಕಿ. ಕ್ರಿಯಾಪದವಿಲ್ಲ, ವಿಭಕ್ತಿಯಿಲ್ಲ. ಯಾರಿಂದ, ಯಾರಿಗೆ ಎಂಬುದನ್ನು ಎಡ ಬಲ ಮನೆಗಳು ಹೇಳುತ್ತವೆ. ಕನ್ನಡದಂತಹ ವಿಭಕ್ತಿಸಮೃದ್ಧ ಭಾಷೆಯು ಲೆಕ್ಕಕ್ಕೆ ಕುಳಿತಾಗ ವಿಭಕ್ತಿಯನ್ನು ಕಳಚಿಟ್ಟು ಅದರ ಕೆಲಸವನ್ನು ಹಾಳೆಯ ಜಾಗಕ್ಕೆ ವಹಿಸಿತು. ಇಲ್ಲಿ ಕೊರತೆಯನ್ನು ಕಾಣಬೇಕಾಗಿಲ್ಲ. ಇದೊಂದು ಬೇರೆ ವ್ಯಾಕರಣ.

ಕೋಬಾಲಿನ ‘ಡೇಟಾ ಡಿವಿಜನ್’ ಮಾಡುವುದು ಇದನ್ನೇ. ನಾಲ್ಕು ಡಿವಿಜನ್ನುಗಳಲ್ಲಿ ಕ್ರಿಯೆ ಬರುವುದು ಕೊನೆಯದರಲ್ಲಿ. ಅದಕ್ಕೆ ಮೊದಲು ಯಾವ ಯಾವ ಕಡತಗಳಿವೆ, ಅವುಗಳ ಒಂದೊಂದು ದಾಖಲೆಯಲ್ಲಿ ಏನೇನಿದೆ ಎಂಬುದನ್ನು ಬರೆದು ಮುಗಿಸಬೇಕು. (ಕಡತವೆಂಬ ಪದವೇ ಇಲ್ಲಿ ಒಂದು ಸಾಕ್ಷಿ. ಬಟ್ಟೆಗೆ ಹುಣಸೆಬೀಜದ ಸರಿ, ಇದ್ದಿಲುಪುಡಿ ಬಳಿದು ಬಳಪದಿಂದ ಲೆಕ್ಕ ಬರೆಯುತ್ತಿದ್ದ ಮಡಿಕೆಯ ಪುಸ್ತಕದ ಹೆಸರು ಇಂದು ಸರ್ಕಾರಿ ಕಚೇರಿಯ ಫೈಲಿಗೆ ನಿಂತಿದೆ.) 01 ಎಂಬ ಮಟ್ಟದಲ್ಲಿ ಇಡೀ ಖಾತೆ, 05ರಲ್ಲಿ ಹೆಸರು, ಊರು, ಬಾಕಿ, ಬಾಕಿಯ ಕೆಳಗೆ 10ರಲ್ಲಿ ಅಸಲು, ಬಡ್ಡಿ. ಪ್ರತಿ ಮನೆಯ ಮುಂದೆ ‘ಪಿಕ್ಚರ್’ ಎಂಬ ಚಿತ್ರ: ಎಷ್ಟು ಅಂಕಿ, ದಶಮಾಂಶ ಎಲ್ಲಿ. ಒಂದು ಮನೆಯಲ್ಲಿ ಬರಬಹುದಾದ ಮೌಲ್ಯಗಳಿಗೆ 88 ಎಂಬ ವಿಶೇಷ ಮಟ್ಟದಲ್ಲಿ ಹೆಸರಿಡಬಹುದು. ಸಂಕೇತ 3 ಆಗಿದ್ದರೆ ಎನ್ನುವ ಬದಲು ‘ಸುಸ್ತಿದಾರ ಆಗಿದ್ದರೆ’ ಎಂದು ಬರೆಯಬಹುದು. ನಮ್ಮ ವಿದ್ಯಾರ್ಥಿಗೆ ಅಪರಿಚಿತನ ಬರಹ ಅರ್ಥವಾದದ್ದು ಈ ಭಾಗದಿಂದ. ಕ್ರಿಯೆಯ ಭಾಗವನ್ನು ಹಲವರು ಹಲವು ಸಲ ತಿದ್ದಿ ಗೋಜಲಾಗಿಸಿದ್ದರೂ ಯಾವುದರ ಲೆಕ್ಕ ಇದು ಎಂಬುದು ಮುಂಭಾಗದಲ್ಲಿ ಸ್ಪಷ್ಟವಾಗಿ ಉಳಿದಿತ್ತು.

ಪಿಕ್ಚರಿನ ಇನ್ನೊಂದು ಗುಣ ನಮ್ಮ ದೇಶದವರು ವಿಶೇಷವಾಗಿ ಮೆಚ್ಚಬೇಕಾದದ್ದು. ಮುದ್ರಣಕ್ಕೆಂದು ಅಂಕಿಗಳ ನಡುವೆ ಅಲ್ಪವಿರಾಮವನ್ನು ಎಲ್ಲಿ ಇಡಬೇಕೆಂಬುದನ್ನು ಬರೆಯುವವನೇ ಚಿತ್ರಿಸುತ್ತಾನೆ. ಮೂರು ಮೂರು ಅಂಕಿಗಳಿಗೆ ಇಡಬೇಕೆಂಬ ಕಟ್ಟುಪಾಡಿಲ್ಲ. ಹಾಗಾಗಿ 38,47,250.50 ಎಂದು ಲಕ್ಷದ ಕ್ರಮದಲ್ಲಿ ಅಚ್ಚಿಸಲು ಭಾಷೆಯನ್ನು ಒಂದಿಷ್ಟೂ ತಿದ್ದಬೇಕಾಗಲಿಲ್ಲ. ಲಕ್ಷ, ಕೋಟಿಗಳನ್ನು ನ್ಯೂಯಾರ್ಕಿನ ಆ ಆರು ಮಂದಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ರೂಪಿಸಿರಲಾರರು. ನಿಯಮವನ್ನು ಹೇಳದೆ ಚಿತ್ರವನ್ನು ಬರೆಯಲು ಬಿಟ್ಟದ್ದರ ಫಲ ಇದು. ಆ ನಂತರ ಬಂದ ಎಷ್ಟೋ ತಂತ್ರಾಂಶಗಳಲ್ಲಿ ಲಕ್ಷದ ವಿರಾಮ ಸಿಗಲು ನಾವು ವರ್ಷಗಟ್ಟಲೆ ಕಾದದ್ದುಂಟು.

ಇದರೊಡನೆ ದಶಮಾಂಶದ ನಿಷ್ಠೆ. ದ್ವಿಮಾನ ಪದ್ಧತಿಯಲ್ಲಿ ಹತ್ತನೆಯ ಒಂದು ಎಂಬುದು ಕೊನೆಯಿಲ್ಲದ ಭಿನ್ನರಾಶಿ; ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ವಿಜ್ಞಾನದ ಲೆಕ್ಕಕ್ಕೆ ಅದು ಸಹ್ಯ, ಬಡ್ಡಿಯ ಲೆಕ್ಕಕ್ಕೆ ಅಲ್ಲ. ಕೋಬಾಲಿನಲ್ಲಿ ಹಣವನ್ನು ಹತ್ತರ ಅಂಕಿಗಳಾಗಿಯೇ ಇಟ್ಟು ಹತ್ತರ ಅಂಕಿಗಳಾಗಿಯೇ ಕೂಡಬಹುದು. ಎಲ್ಲಿ ದುಂಡಾಗಿಸಬೇಕೆಂಬುದನ್ನು ‘ರೌಂಡೆಡ್’ ಎಂಬ ಪದದಿಂದ ಬಾಯಿಬಿಟ್ಟು ಹೇಳಬೇಕು. ಮನೆ ಮೀರಿ ಅಂಕಿ ಬಂದರೆ ಏನು ಮಾಡಬೇಕೆಂಬುದನ್ನೂ ಹೇಳಬಹುದು. ಪೈ ಲೆಕ್ಕ ತಪ್ಪಿದರೆ ರಾತ್ರಿ ದೀಪ ಹಚ್ಚಿಟ್ಟು ಹುಡುಕುತ್ತಿದ್ದ ಹಿರಿಯರಿಗೆ ಈ ಶಿಸ್ತಿನ ಅರ್ಥ ತಿಳಿದಿತ್ತು.

ಭಾರತದಲ್ಲಿ ಕೋಬಾಲಿನ ಕಥೆ ವಿಚಿತ್ರ ತಿರುವುಗಳದು. 1978ರಲ್ಲಿ ಐಬಿಎಮ್ ದೇಶ ಬಿಟ್ಟಿತು. 1981ರಲ್ಲಿ ಪುಣೆಯಲ್ಲಿ ಆರಂಭವಾದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. ಎಂ.ಕೆ. ರಾಯ್ ಮತ್ತು ಡಿ. ಘೋಷ್ ದಸ್ತಿದಾರ್ ಅವರ ಕೋಬಾಲ್ ಪಠ್ಯಪುಸ್ತಕ ಪದವಿ ತರಗತಿಗಳಿಗೆ ಬಂದಿತು. 1990ರ ದಶಕದ ಕೊನೆಯಲ್ಲಿ ಎರಡಂಕಿಯ ವರ್ಷಗಳ ಸಮಸ್ಯೆ ಎದುರಾದಾಗ ಅಮೆರಿಕ, ಯುರೋಪುಗಳ ಹಳೆಯ ಕ್ರಮವಿಧಿಗಳನ್ನು ಸಾಲು ಸಾಲಾಗಿ ಓದಿ ತಿದ್ದಿದವರಲ್ಲಿ ಬೆಂಗಳೂರಿನ ತರುಣ ತರುಣಿಯರು ಬಹಳ ಮಂದಿ. ಆ ಭಾಷೆಯಲ್ಲಿ ಅವರು ಹೊಸದನ್ನು ಬರೆದದ್ದಕ್ಕಿಂತ ಹಳೆಯದನ್ನು ಓದಿದ್ದು ಹೆಚ್ಚು. ಶಾಸನತಜ್ಞರ ಕೆಲಸವೂ ಹೀಗೆಯೇ.

ಆ ಸಮಸ್ಯೆಯನ್ನು ಕೋಬಾಲಿನ ದೋಷವೆಂದು ಹೇಳುವುದುಂಟು. ವರ್ಷಕ್ಕೆ ಎರಡೇ ಅಂಕಿಯ ಮನೆ ಕೊಟ್ಟವರು ಬರೆಯುವವರು. ಕಾರ್ಡಿನಲ್ಲಿ 80 ಕಂಬಗಳಷ್ಟೇ ಇದ್ದ ಕಾಲದ ಉಳಿತಾಯ ಅದು. ನಮ್ಮ ಸಂವತ್ಸರ ಪದ್ಧತಿಯೂ ಇದೇ ಸಂದಿಗ್ಧವನ್ನು ಒಳಗೊಂಡಿದೆ. ಬರಿಯ ‘ಸೌಮ್ಯ’ವೆಂದರೆ ಅರವತ್ತು ವರ್ಷಕ್ಕೊಮ್ಮೆ ಬರುವ ಯಾವ ಸೌಮ್ಯವೂ ಆಗಬಹುದು. ಅದಕ್ಕೆಂದೇ ಶಾಸನಕಾರರು ಶಕವರ್ಷವನ್ನೂ ಜೊತೆಗೆ ಕೆತ್ತಿಸಿದರು. ಕೆತ್ತಿಸದಿದ್ದ ಕಡೆ ನಾವು ಇಂದಿಗೂ ತಡಕಾಡುತ್ತೇವೆ. ಪ್ರತಿ ವರ್ಷದ ಮನೆಗೂ ಒಂದು ಹೆಸರು, ಒಂದು ಚಿತ್ರ ಇದ್ದುದರಿಂದಲೇ ಕೋಬಾಲಿನಲ್ಲಿ ಹುಡುಕಾಟ ಒಂದು ಮಟ್ಟಿಗೆ ಸಾಧ್ಯವಾಯಿತು. ಒಂದೇ ಮನೆಗೆ ಎರಡು ವಿವರಣೆ ಕೊಡುವ ‘ರೀಡಿಫೈನ್ಸ್’ ಬಳಸಿದ ಕಡೆ ಕೆಲಸ ಕಠಿಣವಾಯಿತೆಂಬುದನ್ನೂ ಒಪ್ಪಬೇಕು.

ನಿಜವಾದ ದೋಷಗಳು ಬೇರೆ ಇವೆ. ಷರತ್ತಿನೊಳಗೆ ಷರತ್ತು ಬಂದಾಗ ಎಲ್ಲವೂ ಒಂದೇ ಪೂರ್ಣವಿರಾಮದಲ್ಲಿ ಮುಗಿಯುತ್ತಿತ್ತು. ಒಂದು ಚುಕ್ಕೆ ತಪ್ಪಿ ಬಿದ್ದರೆ ಅರ್ಥವೇ ಪಲ್ಲಟ. 1985ರ ಪರಿಷ್ಕರಣೆಯಲ್ಲಿ ‘ಎಂಡ್-ಇಫ್’ ಬರುವ ತನಕ ಇದು ನಡೆಯಿತು. ಡಚ್ ವಿದ್ವಾಂಸ ಎಡ್ಸ್‌ಗರ್ ಡೈಕ್‌ಸ್ಟ್ರಾ 1975ರಲ್ಲಿ ಈ ಭಾಷೆ ಬುದ್ಧಿಯನ್ನು ಊನಗೊಳಿಸುತ್ತದೆ, ಇದನ್ನು ಕಲಿಸುವುದು ಅಪರಾಧವೆನಿಸಬೇಕು ಎಂಬರ್ಥದ ಮಾತನಾಡಿದರು. ಅವರು ನೋಡಿದ್ದು ಕ್ರಿಯೆಯ ಭಾಗವನ್ನು. ಅಲ್ಲಿ ಅವರ ಆಕ್ಷೇಪಕ್ಕೆ ಹುರುಳಿದೆ. ಆದರೆ ವ್ಯಾಕರಣಕಾರನೊಬ್ಬ ಕಾವ್ಯಭಾಷೆಯ ಅಳತೆಗೋಲಿನಿಂದ ಕಿರ್ದಿಯನ್ನು ಅಳೆದಂತೆ ಆ ತೀರ್ಪು ನಮಗೆ ತೋರುತ್ತದೆ. 2020ರ ಏಪ್ರಿಲಿನಲ್ಲಿ ನಿರುದ್ಯೋಗ ಭತ್ಯೆಯ ಅರ್ಜಿಗಳು ಮುಗಿಬಿದ್ದಾಗ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಪತ್ರಿಕೆಗಳು ಭಾಷೆಯ ಮುಪ್ಪನ್ನು ದೂರಿದವು. ನಮಗೆ ಕಂಡದ್ದು ಓದುಗರ ಪರಂಪರೆ ಕಡಿದ ಒಂದು ಸಮುದಾಯ. ಹಳಗನ್ನಡ ಕಷ್ಟವಾದದ್ದು ಹಳಗನ್ನಡದ ತಪ್ಪೆಂದು ಯಾರೂ ಹೇಳುವುದಿಲ್ಲ.

ಇನ್ನೊಂದು ಸಣ್ಣ ಸಂಗತಿ. ಕೋಬಾಲ್ ಕ್ರಮವಿಧಿಯ ಮೊದಲ ಡಿವಿಜನ್ನಿನಲ್ಲಿ ಬರೆದವರ ಹೆಸರು, ಬರೆದ ದಿನಾಂಕಗಳಿಗೆ ಜಾಗವಿತ್ತು. ಶಾಸನದ ಕೊನೆಯಲ್ಲಿ ಬರೆದವನ, ಕಂಡರಿಸಿದವನ ಹೆಸರು ಬರುವಂತೆ ಇಲ್ಲಿ ಮೊದಲಲ್ಲೇ ಬರುತ್ತಿತ್ತು. 1985ರ ಮಾನಕ ಆ ಸಾಲುಗಳನ್ನು ಬಳಕೆ ತಪ್ಪಿದವೆಂದು ಗುರುತಿಸಿತು, 2002ರದು ತೆಗೆದುಹಾಕಿತು. ಯಾವುದನ್ನೂ ಏಕಾಏಕಿ ತೆಗೆಯದೆ ಒಂದು ಆವೃತ್ತಿಯ ಕಾಲ ಎಚ್ಚರಿಕೆ ಕೊಡುವ ಈ ಪದ್ಧತಿಯಿಂದಾಗಿ ದಶಕಗಳ ಹಿಂದಿನ ಬರಹ ಇಂದಿಗೂ ಓಡುತ್ತದೆ. ಆದರೂ ಆ ಸಾಲುಗಳನ್ನು ಉಳಿಸಬಹುದಿತ್ತು ಎಂದು ನಮಗೆ ಅನಿಸುತ್ತದೆ. ನಮ್ಮ ವಿದ್ಯಾರ್ಥಿಗೆ ಸಿಕ್ಕ ಪ್ರತಿಯಲ್ಲಿ ಆ ಜಾಗ ಖಾಲಿ ಇತ್ತು.

ಕೊನೆಗೆ ನಮ್ಮ ಕ್ಷೇತ್ರಕ್ಕೆ ನೇರವಾಗಿ ಸೇರಿದ ಪ್ರಶ್ನೆ. 2002ರ ಮಾನಕದಲ್ಲಿ ಇಂಗ್ಲಿಷೇತರ ಲಿಪಿಗಳಿಗೆಂದು ‘ನ್ಯಾಷನಲ್’ ಎಂಬ ಹೊಸ ಬಗೆಯ ಮನೆ ಬಂದಿತು. ಕನ್ನಡದ ಊರಿನ ಹೆಸರನ್ನು ಕನ್ನಡದಲ್ಲೇ ಇಡಲು ಈಗ ತಾಂತ್ರಿಕ ಅಡ್ಡಿಯಿಲ್ಲ. ಆದರೆ ಮನೆಯ ಉದ್ದವನ್ನು ಮೊದಲೇ ಹೇಳಬೇಕು, ಮನೆಗಿಂತ ಉದ್ದದ್ದು ಬಂದರೆ ಬಲಗಡೆ ಕತ್ತರಿ ಬೀಳುತ್ತದೆ. ರೋಮನ್ ಲಿಪಿಯಲ್ಲಿ ಕಣ್ಣು ಎಣಿಸುವುದನ್ನೇ ಯಂತ್ರವೂ ಎಣಿಸುತ್ತದೆ. ಕನ್ನಡದಲ್ಲಿ ಹಾಗಲ್ಲ. ‘ಸ್ತ್ರೀ’ ನಮಗೆ ಒಂದು ಅಕ್ಷರ, ಯೂನಿಕೋಡಿಗೆ ಆರು ಸಂಕೇತ. ‘ರನ್ನ ಬೆಳಗಲಿ’ ಎಂಬುದನ್ನು ನಾವು ಆರು ಅಕ್ಷರ, ಒಂದು ತೆರಪು ಎಂದು ಎಣಿಸುತ್ತೇವೆ. ಯಂತ್ರ ಹನ್ನೊಂದು ಎಣಿಸುತ್ತದೆ. ಹತ್ತರ ಮನೆಯಲ್ಲಿಟ್ಟರೆ ಕೊನೆಯ ಇಕಾರ ಉದುರಿ ‘ರನ್ನ ಬೆಳಗಲ’ ಉಳಿಯುತ್ತದೆ. ಮೂರರ ಮನೆಯಲ್ಲಿ ಕವಿಯ ಹೆಸರೇ ‘ರನ್’ ಎಂದು ನಿಲ್ಲುತ್ತದೆ. ಕತ್ತರಿ ಅಕ್ಷರದ ಸಂದಿಯಲ್ಲಿ ಬೀಳಬೇಕೇ ಹೊರತು ಅಕ್ಷರದ ನಡುವೆ ಬೀಳಬಾರದೆಂಬ ನಿಯಮವನ್ನು ಬರೆಯಬೇಕಾದರೆ ಅಕ್ಷರವೆಂದರೇನೆಂದು ಮೊದಲು ಹೇಳಬೇಕು. ಒತ್ತು, ಅರ್ಕಾವೊತ್ತು, ಪದಾಂತ್ಯದ ವ್ಯಂಜನಗಳನ್ನು ಹೇಗೆ ಎಣಿಸಬೇಕೆಂದು ಹೇಳಬೇಕು. ಪಹಣಿ, ಪಡಿತರ ಚೀಟಿ, ಬ್ಯಾಂಕಿನ ಪುಸ್ತಕಗಳಲ್ಲಿ ಒಬ್ಬನೇ ರೈತನ ಹೆಸರು ಮೂರು ರೂಪ ತಾಳಿ ಅವನು ಕಚೇರಿಯಿಂದ ಕಚೇರಿಗೆ ಅಲೆಯುವಾಗ ಕಾಗುಣಿತದ ತಪ್ಪಿನ ಜೊತೆಗೆ ಈ ಎಣಿಕೆಯ ಪ್ರಶ್ನೆಯೂ ಸೇರಿಕೊಳ್ಳಬಹುದು. ಬೆಳಗಲಿಯ ಕಿರ್ದಿಯಲ್ಲಿ ಊರಿನ ಮನೆ ಚಿಕ್ಕದಾದಾಗ ಬರೆದವರು ‘ಬೆ॥’ ಎಂದು ಇಟ್ಟು ಎರಡು ಗೆರೆ ಎಳೆದಿದ್ದಾರೆ. ಅವರ ಕತ್ತರಿ ಎಲ್ಲ ಕಡೆಯೂ ಅಕ್ಷರದ ಅಂಚಿನಲ್ಲೇ ಬಿದ್ದಿದೆ.